ಹದಿನಾರು ಬಾಳೆಗಿಡಗಳ ಮರೆ

ಹೋದ ವಾರ, ದೀಪಾವಳಿ ಅಮಾವಾಸ್ಯೆಯ ದಿನ, ನಮ್ಮ ಮನೆಯ ಹಿತ್ತಲು ಬೋಳಾಯಿತು. ಬೆಳಿಗ್ಗೆ ಅಲ್ಲಿ ಹದಿನಾರು ಬಾಳೆಗಿಡ ನಿಂತಿದ್ದವು. ಮಧ್ಯಾಹ್ನ ಊಟದ ಹೊತ್ತಿಗೆ ಎರಡು ಉಳಿದಿದ್ದವು. ಸಂಜೆಗೆ ಅವೂ ಇಲ್ಲ.

ಕಳ್ಳರೇ? ಅಲ್ಲ. ದನ ನುಗ್ಗಿದವೇ? ಅದೂ ಅಲ್ಲ. ಕುಡಗೋಲು ಕೈಗೆ ಕೊಟ್ಟವಳು ನಾನೇ. ಯಾವ ಗಿಡ ನೆಟ್ಟಗಿದೆ ಎಂದು ಬೆರಳು ಮಾಡಿ ತೋರಿಸಿದವಳೂ ನಾನೇ.

ಪ್ರತಿ ವಾರ ಪೇಪರಿನ ಈ ಅಂಕಣದಲ್ಲಿ ಕೂತು ಊರವರ ತಪ್ಪುಗಳನ್ನು ಹೆಕ್ಕಿ ಹೆಕ್ಕಿ ಬರೆಯುತ್ತೇನೆ. ಮದುವೆಯಲ್ಲಿ ಎಲೆ ಮೇಲೆ ಬಿಡುವ ಅನ್ನ, ಬಸ್ಸಿನಲ್ಲಿ ಮುದುಕರಿಗೆ ಸೀಟು ಕೊಡದ ಹುಡುಗರು, ಮೊಬೈಲ್ ತೋರಿಸದೆ ತುತ್ತು ಉಣ್ಣದ ಕೂಸುಗಳು. ಬರೆಯುವುದು ಬಲು ಸುಲಭ. ತಪ್ಪು ಯಾವಾಗಲೂ ಮತ್ತೊಬ್ಬರದು. ಈ ವಾರ ಆ ಸುಖ ನನಗಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಪರಿಚಯ ಮಾಡಿಕೊಟ್ಟುಬಿಡುತ್ತೇನೆ. ನಾನು ನರಗುಂದದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. (ಸಾಲಿ ಕಲಿಸುವ ಹೆಂಗಸರನ್ನು ನಮ್ಮ ಕಡೆ ಅಕ್ಕೋರ ಅನ್ನುತ್ತಾರೆ. ಸಂತೆಯಲ್ಲಿ ಮೆಂತೆಪಲ್ಲೆ ಮಾರುವವಳಿಗೂ ನಾನು ಅಕ್ಕೋರೇ.) ಯಜಮಾನರದು ಬಜಾರಿನಲ್ಲಿ ಕಾಳುಕಡಿ ಅಂಗಡಿ. ನಮಗೆ ಒಬ್ಬಳೇ ಮಗಳು, ಅಕ್ಷತಾ. ಇಪ್ಪತ್ತೆರಡು ವಯಸ್ಸು. ಬಿ.ಕಾಂ. ಮುಗಿಸಿ ಮನೆಯಲ್ಲೇ ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದಾಳೆ.

ಇನ್ನು ಹಿತ್ತಲು. ನನ್ನ ತವರು ಸೂಡಿ, ನೀರಿಗೆ ಬರವಿದ್ದ ಊರು. ಅಲ್ಲಿ ಮುಖ ತೊಳೆದ ನೀರನ್ನೂ ತುಳಸಿ ಬುಡಕ್ಕೆ ಚೆಲ್ಲುತ್ತಿದ್ದೆವು. ಮದುವೆಯಾಗಿ ಬಂದ ಹೊಸತರಲ್ಲಿ ಈ ಹಿತ್ತಲಿನ ಹಸಿ ನೆಲ ನೋಡಿ ಹಿಗ್ಗಿದ್ದೆ. ಎಂಥ ಹುಚ್ಚಿ. ಕಾಲುವೆ ಬಂದ ಮೇಲೆ ನಮ್ಮ ಹಳೇ ಓಣಿಗಳಲ್ಲಿ ನೆಲದ ನೀರು ಮೇಲಕ್ಕೆದ್ದಿದೆ. ಸಾಲದ್ದಕ್ಕೆ ನಮ್ಮ ಹಿತ್ತಲಿನಲ್ಲಿ ಒಂದು ಹಗೇವು ಬೇರೆ. ಹಿಂದಿನವರು ಜೋಳ ತುಂಬಿಡಲು ನೆಲದೊಳಗೆ ತೋಡುತ್ತಿದ್ದ ಕಣಜ ಅದು. ಮಾವನವರ ಕಾಲದಲ್ಲೇ ಮಣ್ಣು ಹಾಕಿ ಮುಚ್ಚಿದ್ದಾರೆ. ಮುಚ್ಚಿದ್ದು ಮೇಲೆ ಮಾತ್ರ. ಮಳೆಗಾಲದಲ್ಲಿ ಅದರೊಳಗೆ ನೀರು ನಿಲ್ಲುತ್ತದೆ, ಸುತ್ತ ಕೆಸರಾಗುತ್ತದೆ, ಬಚ್ಚಲ ನೀರೂ ಅಲ್ಲಿಗೇ ಹೋಗಿ ಸೇರುತ್ತದೆ. ಬೇಸಿಗೆಯಲ್ಲೂ ಕಾಲಿಟ್ಟರೆ ಚಪ್ಪಲಿ ಒಳಗೇ ಉಳಿಯುತ್ತದೆ. (ಎರೆಮಣ್ಣು. ಹಿಡಿದದ್ದನ್ನು ಬಿಡುವ ಜಾತಿಯಲ್ಲ.)

ಇಂಥ ಕೆಸರು ಹಿತ್ತಲಿಗೆ ಮರೆ ಯಾಕೆ ಬೇಕಾಯಿತು? ಹೇಳುತ್ತೇನೆ. ಅದನ್ನು ಹೇಳಲೆಂದೇ ಕೂತಿದ್ದೇನೆ.

ಹೋದ ವರ್ಷ ಯುಗಾದಿಗೆ ಮಗಳಿಗೆ ಎಣ್ಣೆ ಹಚ್ಚಿ ಎರೆಯುತ್ತಿದ್ದೆ. ಬೆನ್ನು ತಿಕ್ಕುವಾಗ ಸೊಂಟದ ಹತ್ತಿರ ಎಂಟಾಣೆ ಅಗಲದ ಬಿಳಿ ಮಚ್ಚೆ ಕಂಡಿತು. ಸೀಗೆಪುಡಿ ಇರಬೇಕೆಂದು ಮತ್ತೆ ತಿಕ್ಕಿದೆ. ಹೋಗಲಿಲ್ಲ. ಇನ್ನೂ ಜೋರಾಗಿ ತಿಕ್ಕಿದೆ. ಉರಿ ಹತ್ತುತ್ತದೆ ಎಂದು ಅವಳು ಅಂದ ಮೇಲೆ ಕೈ ನಿಲ್ಲಿಸಿದೆ. ಅವಳಿಗೆ ಏನೂ ಹೇಳದೆ ಮೇಲೆ ನೀರು ಸುರಿದೆ.

ಹುಬ್ಬಳ್ಳಿಯ ಚರ್ಮದ ಡಾಕ್ಟರು ಒಳ್ಳೆಯ ಮನುಷ್ಯ. ಇದು ಅಂಟುವುದಿಲ್ಲ, ಇದರಿಂದ ಜೀವಕ್ಕೆ ಏನೂ ಆಗುವುದಿಲ್ಲ, ಬೇಗ ಬಂದಿದ್ದೀರಿ ಎಂದರು. ಅಷ್ಟರಲ್ಲಿ ಒಂದು ಮಚ್ಚೆ ನಾಲ್ಕಾಗಿತ್ತು. ಮುಲಾಮು ಬರೆದುಕೊಟ್ಟರು. ಹಚ್ಚಿದ ಮೇಲೆ ದಿನಾ ಬೆಳಿಗ್ಗೆ ಇಷ್ಟು ನಿಮಿಷ ಅಂತ ಬೆನ್ನಿಗೆ ಬಿಸಿಲು ಬೀಳಬೇಕು, ಬಟ್ಟೆಯ ಮೇಲಿಂದಲ್ಲ, ಮೈಮೇಲೆ. ಒಂದು ವರ್ಷವಾದರೂ ಬೇಕು. ನಡುವೆ ಬಿಟ್ಟರೆ ಮಾಡಿದ್ದೆಲ್ಲ ನೀರಲ್ಲಿ ಹೋಮ. ಹೀಗೆ ಹೇಳಿ, ಬಿಸಿಲಿಗೇನು ಬರವಮ್ಮ ನಿಮ್ಮೂರಲ್ಲಿ ಎಂದು ನಕ್ಕರು.

ಬಿಸಿಲಿಗೆ ಬರ ಇಲ್ಲ. ಕೂಡುವ ಜಾಗಕ್ಕೆ ಬರ.

ನಮ್ಮದು ಹಳೇ ಕಾಲದ ಮನೆ. ಎರಡೂ ಕಡೆ ಪಕ್ಕದ ಮನೆಗಳ ಗೋಡೆ ಹತ್ತಿಕೊಂಡಿದೆ. ಕಿಟಕಿ ಇಲ್ಲ, ಇರುವುದು ಮೇಲಿನ ಬೆಳಕಿಂಡಿ ಮಾತ್ರ. ಮಾಳಿಗೆ ಹತ್ತಿದರೆ ಇಡೀ ಓಣಿಗೆ ಕಾಣುತ್ತೇವೆ. ಉಳಿದದ್ದು ಹಿತ್ತಲು. ಅದಕ್ಕೆ ಒಂದು ಕಡೆ ನಮ್ಮ ಮನೆ, ಎರಡು ಕಡೆ ಹಳೇ ಅರಳೆ ಗೋದಾಮಿನ ಗೋಡೆ. ಉತ್ತರಕ್ಕೆ ಮಾತ್ರ ತೆರೆದಿದೆ. ಆ ಕಡೆ ಪಾರಕ್ಕನ ಮನೆ. ಮಗನ ಮದುವೆಗೆಂದು ಪಾರಕ್ಕ ಮೇಲೊಂದು ಅಂತಸ್ತು ಕಟ್ಟಿಸಿದ್ದಳು. ಅದರ ಟೆರೇಸಿನಲ್ಲಿ ನಿಂತರೆ ನಮ್ಮ ಬಚ್ಚಲಿನ ಮುಂದೆ ಬಿದ್ದ ಸೋಪೂ ಕಾಣುತ್ತದೆ. ಬೆಳಿಗ್ಗೆ ಅಲ್ಲಿ ಯಾವಾಗಲೂ ಯಾರಾದರೂ ಇರುತ್ತಾರೆ. ಶಾವಿಗೆ ಒಣಗಿಸಬೇಕು, ಮೆಣಸಿನಕಾಯಿ ಹರವಬೇಕು, ಸೊಸೆ ಕೂದಲು ಆರಿಸಿಕೊಳ್ಳಬೇಕು.

ಕಂಡರೆ ಏನಾಯಿತು ಅನ್ನುತ್ತೀರಾ? ಹೆಣ್ಣು ಹೆತ್ತವರನ್ನು ಕೇಳಿ. ರೋಣದಿಂದ ಒಂದು ಸಂಬಂಧ ಬಂದಿತ್ತು, ಗದಗದಿಂದ ಒಂದು. ಪರೀಕ್ಷೆ ಮುಗಿಯಲಿ ಎಂದು ಎರಡನ್ನೂ ಮುಂದಕ್ಕೆ ಹಾಕಿದ್ದೆ. ಆ ಎರಡಕ್ಷರದ ಮಾತು, ತೊನ್ನು, ಒಮ್ಮೆ ಓಣಿಯಲ್ಲಿ ಬಿದ್ದರೆ ಬಸ್ಸಿಗಿಂತ ಮೊದಲು ಗದಗ ಮುಟ್ಟುತ್ತದೆ.

ಈಗ ಒಂದು ತಪ್ಪೊಪ್ಪಿಗೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನಮ್ಮ ಶಾಲೆಯ ಹುಡುಗಿಯೊಬ್ಬಳ ಬಗ್ಗೆ ಬರೆದಿದ್ದೆ. ಅವಳ ತುಟಿಯ ಮೇಲೆ ಬಿಳಿ ಮಚ್ಚೆ ಎಂದು ಬೆಂಚಿನ ಮೇಲೆ ಯಾರೂ ಪಕ್ಕ ಕೂಡುತ್ತಿರಲಿಲ್ಲ. ಅವಳ ತಾಯಿ ಮುಖಕ್ಕೆ ಸೆರಗು ಹೊದಿಸಿ ಕರೆದುಕೊಂಡು ಬರುತ್ತಿದ್ದಳು. ನಾನು ಆ ತಾಯಿಯನ್ನು ಚೆನ್ನಾಗಿ ಝಾಡಿಸಿದ್ದೆ. ಮುಚ್ಚಿಡಬೇಡಿ, ಮುಚ್ಚಿಟ್ಟಷ್ಟೂ ಮಗು ತನ್ನನ್ನು ತಾನೇ ಕೀಳು ಅಂದುಕೊಳ್ಳುತ್ತದೆ ಎಂದೆಲ್ಲ ಬರೆದಿದ್ದೆ. ಎಷ್ಟು ಫೋನು ಬಂದವು ಅವತ್ತು. ಕಟಿಂಗ್ ತೆಗೆದು ಫೈಲಿನಲ್ಲಿ ಅಂಟಿಸಿಟ್ಟುಕೊಂಡಿದ್ದೇನೆ.

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಅನ್ನುತ್ತಾರಲ್ಲ, ಆ ಬದನೆಕಾಯಿ ನನ್ನ ಎಲೆಗೆ ಬಿತ್ತು.

ಮರೆ ಮಾಡಲು ಮೊದಲು ಗವಂಡಿಯನ್ನು ಕರೆಸಿದೆವು. ಗೋಡೆ ಏರಿಸಬೇಕು ಅಂದೆವು. ಅವನು ಕಬ್ಬಿಣದ ಸಲಾಕೆ ತಂದು ಉತ್ತರದ ಗಡಿಯಲ್ಲಿ ನಾಲ್ಕು ಕಡೆ ಊರಿ ನೋಡಿದ. ಸಲಾಕೆ ಸರಸರ ಇಳಿಯಿತು. ತಳದಲ್ಲಿ ಹಗೇವು ಇದೆ, ನೀರೂ ಇದೆ, ಇಲ್ಲಿ ಗೋಡೆ ಕಟ್ಟಿದರೆ ಎರಡನೇ ಮಳೆಗಾಲ ನೋಡುವುದಿಲ್ಲ ಎಂದು ಕೈ ತೊಳೆದುಕೊಂಡು ಹೋದ.

ತಗಡು ಹೊಡೆಸೋಣ ಎಂದರು ಯಜಮಾನರು. ಹಳೇ ಸೀರೆ ಕಟ್ಟಿದರಾಯಿತು, ಅದೂ ಅವರ ಮಾತೇ. ನಾನು ಒಪ್ಪಲಿಲ್ಲ. ತಗಡು ಬಂತೆಂದರೆ ನಾಳೆಯೇ ಕೇಳುತ್ತಾರೆ, ಯಾಕ್ರೀ ತಗಡು ಅಂತ. ಸೀರೆ ಕಟ್ಟಿದರೆ ಅದರ ಹಿಂದೆ ಏನಿದೆ ಎಂದು ಇಣುಕುತ್ತಾರೆ. ಗಿಡಕ್ಕೆ ಯಾರು ಕೇಳುತ್ತಾರೆ? ಗಿಡ ಸುಮ್ಮನೆ ಗಿಡ. ಬೆಳೆದರೆ ಬೆಳೆಯಿತು. ಅದು ಮರೆ ಎಂದು ಯಾರಿಗೂ ಅನ್ನಿಸಬಾರದು, ಆದರೆ ಮರೆಯಾಗಬೇಕು. ಈ ಉಪಾಯ ಹೊಳೆದಾಗ ನನ್ನ ಬುದ್ಧಿಗೆ ನಾನೇ ಮೆಚ್ಚಿದ್ದೆ.

ಮದರಂಗಿ ಬೇಲಿ ಹಚ್ಚಿದೆ. ಬೇರು ಕೊಳೆಯಿತು. ದಾಸವಾಳ ತಂದೆ. ಒಂದು ತಿಂಗಳು ಹಳದಿ ಎಲೆ ಉದುರಿಸಿ ಅದೂ ಹೋಯಿತು. ಕರಿಬೇವು ಹದಿನೈದು ದಿನ ಬಾಳಲಿಲ್ಲ. ನಾನು ಸತ್ತ ಗಿಡ ಕಿತ್ತು ಬಿಸಾಡುವುದನ್ನು ಮೇಲಿನಿಂದ ನೋಡಿ ಪಾರಕ್ಕನಿಗೇ ಕನಿಕರ ಬಂತು.

"ಅಕ್ಕೋರ, ಆ ನೆಲಕ್ಕ ಇವೆಲ್ಲಾ ಹತ್ತೂದಿಲ್ರಿ. ಬಚ್ಚಲ ನೀರಿಗೆ ಬಾಳಿ ಹಚ್ರಿ," ಎಂದಳು.

ಬಾಯಲ್ಲಿ ಹೇಳಿ ಸುಮ್ಮನಾಗುವ ಹೆಂಗಸಲ್ಲ ಅವಳು. ಅವಳ ತವರು ಹೊಳೆಸಾಲಿನಲ್ಲಿದೆ. ಅಣ್ಣನ ತೋಟದಿಂದ ಹದಿನಾರು ಬಾಳೆ ಕಂದು ತರಿಸಿ ನಮ್ಮ ಹಿತ್ತಲಿಗೆ ಇಳಿಸಿದಳು. ತಾನೇ ನಿಂತು ಮಣ್ಣು ಏರಿಸಿ ಸಾಲು ಮಾಡಿಸಿದಳು. ಕೆಸರಿನಲ್ಲೇ ಹಚ್ಚಿದರೆ ಬಾಳೆಯೂ ಕೊಳೆಯುತ್ತದಂತೆ, ಬುಡ ಎತ್ತರದಲ್ಲಿದ್ದು ಬೇರು ಮಾತ್ರ ನೀರಿಗೆ ಇಳಿಯಬೇಕಂತೆ. ಅವಳ ಕಣ್ಣು ತಪ್ಪಿಸುವ ಮರೆಯನ್ನು ಅವಳ ಕೈಯಿಂದಲೇ ಹಚ್ಚಿಸಿಕೊಂಡೆ. ಅವತ್ತು ಅವಳಿಗೆ ಚಹಾ ಕೊಡುವಾಗ ಮುಖ ನೋಡಲು ನಾಚಿಕೆಯಾಯಿತು.

ಬಾಳೆ ಬೆಳೆದ ವೇಗ ಏನು ಹೇಳಲಿ. ಈ ವರ್ಷದ ಬೇಸಿಗೆ ಮುಗಿಯುವಷ್ಟರಲ್ಲಿ ಎದೆಮಟ್ಟ. ಮುಂಗಾರು ಬಿದ್ದ ಮೇಲೆ ತಲೆಯ ಮೇಲೆ. ಶ್ರಾವಣಕ್ಕೆ ಎಲೆಗೆ ಎಲೆ ಕೂಡಿ ಪಾರಕ್ಕನ ಟೆರೇಸು ಕಾಣದಾಯಿತು. ಬಿಸಿಲು ಪೂರ್ವದಿಂದ ಗೋದಾಮಿನ ಗೋಡೆ ದಾಟಿ ಬರುತ್ತದೆ, ಬಾಳೆ ಉತ್ತರಕ್ಕೆ. ನೆರಳಿನ ಕಾಟವೂ ಇಲ್ಲ. ಅಲ್ಲಿಯವರೆಗೆ ಅಕ್ಷತಾ ನಸುಕಿನಲ್ಲಿ ಐದು ನಿಮಿಷ, ಮೋಡದ ದಿನ ಎರಡು ನಿಮಿಷ ಹೀಗೆ ಕದ್ದು ಕದ್ದು ಕೂಡುತ್ತಿದ್ದಳು. ಮಚ್ಚೆ ಇದ್ದ ಹಾಗೇ ಇತ್ತು.

ಅವಳಿಗೆಂದು ಒಂದು ಹಳೇ ಜಂಪರ್ ತೆಗೆದುಕೊಂಡು ಬೆನ್ನು ಪೂರ್ತಿ ಕತ್ತರಿಸಿ ಅಂಚು ಹೊಲಿದಿದ್ದೆ. (ಟೇಲರ್‌ಗೆ ಕೊಟ್ಟರೆ ಅವನೂ ಕೇಳುತ್ತಾನಲ್ಲ?) ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಹಾಕಿಕೊಂಡು, ಪ್ಲಾಸ್ಟಿಕ್ ಕುರ್ಚಿ ತಿರುಗಿಸಿ, ಬಿಸಿಲಿಗೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಕೈಯಲ್ಲಿ ಪರೀಕ್ಷೆಯ ಪುಸ್ತಕ. ನಾನು ಶಾಲೆಗೆ ಹೊರಡುವ ಮೊದಲು ಮುಲಾಮು ಹಚ್ಚಿ, ಗಡಿಯಾರ ನೋಡಿ ಹೇಳಿ ಹೋಗುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಅವಳು ಹಾಡು ಗುನುಗುವುದು ಕೇಳಿದೆ. ಕೇಳಿದ್ದು ಹಿತ್ತಲಿನಲ್ಲೇ.

ದಸರೆಯ ಹೊತ್ತಿಗೆ ಒಂದು ದಿನ ಮುಲಾಮು ಹಚ್ಚುವಾಗ ದೊಡ್ಡ ಮಚ್ಚೆಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕೆ ಕಂಡವು. ಎಳ್ಳು ಉದುರಿಸಿದ ಹಾಗೆ. ಮೊಬೈಲಿನಲ್ಲಿ ಫೋಟೊ ತೆಗೆದು ಡಾಕ್ಟರಿಗೆ ಕಳಿಸಿದೆ. ಬಣ್ಣ ಮರಳಿ ಬರುತ್ತಿದೆ, ಮುಂದಿನ ನಾಲ್ಕು ತಿಂಗಳು ಒಂದು ದಿನವೂ ತಪ್ಪಿಸಬೇಡಿ ಎಂದು ಉತ್ತರ ಬಂತು. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಅಕ್ಷತಾ ಅಳಲಿಲ್ಲ. ಎರಡು ಕನ್ನಡಿ ಹಿಡಿದು ಬೆನ್ನು ನೋಡಿಕೊಂಡಳು, ಎಷ್ಟೋ ಹೊತ್ತು.

ಆಮೇಲೆ ಬಂತು ದೀಪಾವಳಿ.

ವ್ಯಾಪಾರಿಗಳ ಊರಿನಲ್ಲಿ ಅಮಾವಾಸ್ಯೆಯ ಅಂಗಡಿ ಪೂಜೆ ಅಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಬಾಗಿಲ ಎಡಬಲಕ್ಕೆ ಎರಡು ಬಾಳೆ ಕಂಬ ನಿಲ್ಲಿಸದೆ ಲಕ್ಷ್ಮಿಯನ್ನು ಕೂಡಿಸುವವರು ನಮ್ಮ ಬಜಾರಿನಲ್ಲಿ ಒಬ್ಬರೂ ಇಲ್ಲ. ಇನ್ನೊಂದು ಕಟ್ಟಳೆಯೂ ಇದೆ. ಪೂಜೆಗೆ ಎಂದು ಬಂದು ಕೇಳಿದವರಿಗೆ ಹಿತ್ತಲಿನಲ್ಲಿ ಇರುವುದನ್ನು ಇಲ್ಲ ಅನ್ನಬಾರದು. ಹೂವಿರಲಿ, ಪತ್ರಿ ಇರಲಿ, ಬಾಳೆ ಇರಲಿ. ಇಲ್ಲ ಅಂದ ಮನೆಯಿಂದ ಲಕ್ಷ್ಮಿ ತಿರುಗಿ ಹೋಗುತ್ತಾಳಂತೆ. ನಾನು ಇದನ್ನೆಲ್ಲ ನಂಬುತ್ತೇನೆಯೇ? ನಂಬುವುದಿಲ್ಲ. ಆದರೆ ಕೇಳಲು ಬಂದವರ ಎದುರು ನಿಂತಾಗ ನಂಬಿಕೆ ಬೇಕಾಗುವುದಿಲ್ಲ, ರೂಢಿ ಸಾಕು.

ಬೆಳಿಗ್ಗೆ ಎಂಟಕ್ಕೆ ಪಾರಕ್ಕ ಬಂದಳು. ತಲೆ ಎರೆದುಕೊಂಡು, ಹೊಸ ಸೀರೆ ಉಟ್ಟು. ಅವಳ ಮಗ ಈ ವರ್ಷ ಬಜಾರಿನಲ್ಲಿ ಸ್ಟೇಷನರಿ ಅಂಗಡಿ ಹಾಕಿದ್ದಾನೆ, ಅವತ್ತು ಅವನ ಮೊದಲ ಪೂಜೆ. ಸಂತೆಗೆ ಬಂದ ಬಾಳೆ ಕಂಬವೆಲ್ಲ ಬಾಡಿದ್ದಾವೆ, ಎರಡು ಒಳ್ಳೆಯ ಗಿಡ ಕೊಡಿ ಎಂದಳು. ಕೇಳುವಾಗ ಕೈಯಲ್ಲಿ ಕರ್ಚಿಕಾಯಿಯ ಡಬ್ಬಿ.

ಹೇಳಿ, ಏನು ಮಾಡುತ್ತಿದ್ದಿರಿ ನೀವು?

ಕಂದು ಕೊಟ್ಟವಳು ಅವಳು. ಸಾಲು ಮಾಡಿದವಳು ಅವಳು. ಇಲ್ಲ ಅನ್ನಬೇಕಾದರೆ ಒಂದು ಕಾರಣ ಹೇಳಬೇಕು. ನನ್ನ ಹತ್ತಿರ ಇದ್ದದ್ದು ಒಂದೇ ಕಾರಣ. ಪಾರಕ್ಕ, ಅದರ ಹಿಂದ ನನ್ನ ಮಗಳು ಕೂಡ್ತಾಳ. ಅಷ್ಟು ಹೇಳಿದ್ದರೆ ಸಾಕಿತ್ತು. ಆದರೆ ಅವಳು ಯಾಕೆ ಅನ್ನುತ್ತಿದ್ದಳು. ನಾನು ಹೇಳಬೇಕಾಗುತ್ತಿತ್ತು. ಆ ಕಾರಣವನ್ನು ಮುಚ್ಚಿಡಲೆಂದೇ ಅಲ್ಲವೇ ಆ ಗಿಡ ಹಚ್ಚಿದ್ದು?

ಬಾಯಿ ತೆರೆದೆ. ಬಂದ ಮಾತು ಇದು.

"ಒಯ್ಯಿರಿ ಪಾರಕ್ಕ. ನಮಗೇನ್ ಅವು ಬೇಕಾಗಿಲ್ಲ. ಬಚ್ಚಲ ನೀರಿಗೆ ಸುಮ್ಮ ಬೆಳದಾವ."

ಕುಡಗೋಲು ತಂದು ಕೈಗಿಟ್ಟೆ. ಹೇಗೂ ಎರಡೇ ತಾನೇ, ಸಾಲಿನ ತುದಿಯವು ಹೋದರೆ ಏನೂ ಆಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಪಾರಕ್ಕ ಎರಡು ಕಡಿದುಕೊಂಡು ಹೆಗಲ ಮೇಲಿಟ್ಟುಕೊಂಡು ಮುಂಬಾಗಿಲಿನಿಂದ ಓಣಿಗುಂಟ ಹೋದಳು. ಓಣಿಯವರು ನೋಡಿದರು. ಮುಂದಿನದು ನಿಮಗೇ ಗೊತ್ತಾಗುತ್ತದೆ. ಹತ್ತು ನಿಮಿಷಕ್ಕೆ ಎದುರು ಮನೆಯವರು. ಆಮೇಲೆ ಅರಿವೆ ಅಂಗಡಿಯವರು. ಆಮೇಲೆ ಹಿಟ್ಟಿನ ಗಿರಣಿಯವರು. ಪಾರಕ್ಕಗ ಕೊಟ್ರಿ, ನಮಗಿಲ್ಲೇನ್ರಿ ಎಂದು ನಗುನಗುತ್ತ ಕೇಳುವವರಿಗೆ ಏನನ್ನಬೇಕು? ಒಬ್ಬರಿಗೆ ಕೊಟ್ಟು ಒಬ್ಬರಿಗೆ ಇಲ್ಲ ಅಂದರೆ ಹಬ್ಬದ ದಿನ ಮುನಿಸು. ಕೊಟ್ಟೆ. ಕೊಟ್ಟೆ. ಎಲ್ಲರೂ ಹರಸಿದರು. ಅಕ್ಕೋರ ಕೈ ದೊಡ್ಡದು ಅಂದರು. ನಿಜ ಹೇಳುತ್ತೇನೆ, ಮೂರನೆಯವರು ಹಾಗೆ ಅಂದಾಗ ಒಳಗೊಳಗೇ ಹಿತವಾಯಿತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮಧ್ಯಾಹ್ನ ಯಜಮಾನರು ನಮ್ಮ ಅಂಗಡಿಯ ಪೂಜೆಗೆಂದು ಬಂದರು. ಹಿತ್ತಲ ಬಾಗಿಲಲ್ಲಿ ನಿಂತು ನೋಡಿದರು. ಎರಡು ಗಿಡ ನಿಂತಿದ್ದವು, ನಡುವೆ ಪಾರಕ್ಕನ ಟೆರೇಸು ಬಟಾಬಯಲಾಗಿ ಕಾಣುತ್ತಿತ್ತು. ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಎರಡರಿಂದ ಏನು ಮರೆಯಾಗುತ್ತದೆ ಎಂದು ತಮ್ಮಷ್ಟಕ್ಕೆ ಅಂದು, ಅವನ್ನೂ ಕಡಿದುಕೊಂಡು ಹೋದರು.

ಅಕ್ಷತಾ? ಅವಳು ಬೆಳಿಗ್ಗೆಯಿಂದ ಅಡುಗೆಮನೆಯಲ್ಲಿದ್ದಳು. ಹಿತ್ತಲ ಬಾಗಿಲು ಅಡುಗೆಮನೆಗೇ ಹತ್ತಿಕೊಂಡಿದೆ. ನಾನು ಪಾರಕ್ಕನಿಗೆ ಹೇಳಿದ ಮಾತು ಅವಳಿಗೆ ಕೇಳದೆ ಇರಲು ಸಾಧ್ಯವೇ ಇಲ್ಲ. ಹೋಳಿಗೆ ಲಟ್ಟಿಸುತ್ತಿದ್ದಳು. ಇಡೀ ದಿನ ಲಟ್ಟಿಸಿದಳು. ಸಂಜೆ ಪೂಜೆಗೆ ಬಂದು ಆರತಿ ತೆಗೆದುಕೊಂಡಳು.

ಬಾಳೆಗೆ ಒಂದು ಗುಣವಿದೆ, ಕಡಿದರೆ ಮತ್ತೆ ಚಿಗುರುತ್ತದೆ. ನಾಲ್ಕೈದು ತಿಂಗಳು ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಡಾಕ್ಟರು ಹೇಳಿದ ನಾಲ್ಕು ತಿಂಗಳು ಅದೇ ನಾಲ್ಕು ತಿಂಗಳು ಎಂಬುದು ಹೊಳೆದದ್ದು ಹಾಸಿಗೆಗೆ ತಲೆ ಕೊಟ್ಟ ಮೇಲೆ.

ಮರುದಿನ ಪಾಡ್ಯ. ಬೆಳಿಗ್ಗೆ ನಾನು ಮುಂದಿನ ಅಂಗಳದಲ್ಲಿ ರಂಗೋಲಿ ಮುಗಿಸಿ ಒಳಗೆ ಬಂದರೆ ಅಡುಗೆಮನೆಯಲ್ಲಿ ಅಕ್ಷತಾ ಇಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ನೋಡಿದೆ. ಕಡಿದ ಬುಡಗಳ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅದೇ ಜಂಪರ್. ಬೆನ್ನಿಗೆ ಮುಲಾಮನ್ನು ತಾನೇ ಕೈಗೆ ಸಿಕ್ಕಷ್ಟು ಹಚ್ಚಿಕೊಂಡಿದ್ದಳು. ಬಿಸಿಲು ಬೆನ್ನಿನ ಮೇಲೆ ನೇರ ಬಿದ್ದಿತ್ತು. ನಾಲ್ಕೂ ಮಚ್ಚೆ ನನಗೆ ಬಾಗಿಲಿನಿಂದಲೇ ಕಂಡವು. ಮೇಲೆ ಟೆರೇಸಿನಲ್ಲಿ ಪಾರಕ್ಕ ಮೆಣಸಿನಕಾಯಿ ಹರವುತ್ತಿದ್ದಳು. ಹರವುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಅಕ್ಷತಾ ಪುಸ್ತಕದಿಂದ ತಲೆ ಎತ್ತಿರಲಿಲ್ಲ. ಮೇಲೆ ಯಾರಿದ್ದಾರೆ ಎಂದು ಅವಳಿಗೆ ಗೊತ್ತಿತ್ತು.

ನಾನು ಏನು ಮಾಡಿದೆ ಗೊತ್ತೆ? ಮುಚ್ಚಿಡಬೇಡಿ ಎಂದು ಊರಿಗೆ ಬರೆದವಳು ಓಡಿದೆ. ತಂತಿಯ ಮೇಲೆ ನನ್ನ ಗಜೇಂದ್ರಗಡದ ಸೀರೆ ಒಗೆದು ಹಾಕಿದ್ದೆ, ಇನ್ನೂ ಆರಿರಲಿಲ್ಲ. ಅದನ್ನೇ ಎಳೆದುಕೊಂಡು ಹೋಗಿ ಅವಳ ಬೆನ್ನ ಮೇಲೆ ಹೊದಿಸಿದೆ. ತಣ್ಣನೆಯ ಬಟ್ಟೆ ತಾಗಿ ಅವಳು ಬೆಚ್ಚಿಬಿದ್ದಳು. ಸೀರೆಯ ತುಂಬ ಮುಲಾಮು ಮೆತ್ತಿಕೊಂಡಿತು. ಅವಳ ಭುಜ ಹಿಡಿದು ಎಬ್ಬಿಸಿ, ನಡಿ ಒಳಗ, ನಡಿ ಒಳಗ ಎಂದು ದಬ್ಬುತ್ತಿದ್ದೆ. ನನ್ನ ಕೈ ಅಷ್ಟು ಒರಟಾಗಿದ್ದು ಅವಳು ಹುಟ್ಟಿದಾಗಿನಿಂದ ಇಲ್ಲ.

ಅವಳು ಎದ್ದಳು. ಸೀರೆಯನ್ನು ಮೈಯಿಂದ ತೆಗೆದು, ಮಡಿಚಿ, ಕುರ್ಚಿಯ ಮೇಲಿಟ್ಟಳು. ಬೆನ್ನು ಹಾಗೆಯೇ ಬಿಟ್ಟುಕೊಂಡು ನಿಧಾನ ನಡೆದು ಒಳಗೆ ಹೋದಳು.

ನಾನು ಮೇಲೆ ನೋಡಿದೆ. ಪಾರಕ್ಕ ಇರಲಿಲ್ಲ. ಮೆಣಸಿನಕಾಯಿಯ ಬುಟ್ಟಿಯೂ ಇರಲಿಲ್ಲ. ಅವತ್ತಿನಿಂದ ಬೆಳಗಿನ ಹೊತ್ತು ಆ ಟೆರೇಸಿಗೆ ಯಾರೂ ಬರುತ್ತಿಲ್ಲ. ಅವಳ ಸೊಸೆಯೂ ಇಲ್ಲ. ಮೆಣಸಿನಕಾಯಿಯನ್ನು ಮುಂದಿನ ಕಟ್ಟೆಯ ಮೇಲೆ ಧೂಳಿನಲ್ಲಿ ಹರವಿದ್ದಾರೆ. ಇದು ಪಾರಕ್ಕನ ಮರ್ಯಾದೆಯೋ, ಹೇಸಿಗೆಯೋ? ಬೇಕೆಂದೇ ನಮಗೆ ಜಾಗ ಬಿಟ್ಟುಕೊಟ್ಟಳೋ, ಕಣ್ಣಿಗೆ ಬೀಳುವುದೇ ಬೇಡ ಎಂದು ಬಿಟ್ಟಳೋ? ಬಾಗಿಲಲ್ಲಿ ಸಿಕ್ಕರೆ ಮೊದಲಿನಂತೆಯೇ ಊಟಾತ್ರಿ ಅಕ್ಕೋರ ಅನ್ನುತ್ತಾಳೆ. ನಾನು ಆತ್ರಿ ಅನ್ನುತ್ತೇನೆ. ಅದಕ್ಕಿಂತ ಮುಂದೆ ನನ್ನ ನಾಲಿಗೆ ಹೋಗುವುದಿಲ್ಲ.

ಯಜಮಾನರು ಈಗ ತಗಡಿಗೆ ಅಳತೆ ತೆಗೆದಿದ್ದಾರೆ. ಅಕ್ಷತಾ ಬೇಡ ಅಂದಳು. ಜಂಪರ್ ಒಗೆದು ಇಟ್ಟಿದ್ದಾಳೆ. ಮುಲಾಮು ಹಚ್ಚಲೇ ಎಂದರೆ ಆಮ್ಯಾಲೆ ಅನ್ನುತ್ತಾಳೆ. ಆ ಆಮೇಲೆ ಇನ್ನೂ ಬಂದಿಲ್ಲ. ಆರು ದಿನವಾಯಿತು. ಕೆಸರಿನಲ್ಲಿ ಬಾಳೆಯ ಬುಡಗಳಿಂದ ಹಸಿರು ಸುಳಿ ಗೇಣುದ್ದ ಎದ್ದಿವೆ, ಅವಳು ಹಿತ್ತಲಿಗೆ ಕಾಲಿಟ್ಟಿಲ್ಲ. ಆ ಎಳ್ಳಿನಂಥ ಚುಕ್ಕೆಗಳು ಇವೆಯೋ, ಹೋದವೋ, ನೋಡಲು ಅವಳು ಬೆನ್ನು ಕೊಡುತ್ತಿಲ್ಲ.

ನಿನ್ನೆ ರಾತ್ರಿ ಊಟವಾದ ಮೇಲೆ ಈ ಬರಹವನ್ನು ಅವಳಿಗೆ ಪೂರ್ತಿ ಓದಿ ಹೇಳಿದೆ. ಅವಳನ್ನು ಕೇಳದೆ ಕಳಿಸುವ ಧೈರ್ಯವಾಗಲಿಲ್ಲ. ಬೇಡ ಅಂದರೆ ಹರಿದು ಹಾಕುತ್ತೇನೆ ಎಂದೆ. ಹೆಸರಾದರೂ ತೆಗೆಯಲೇ ಎಂದೆ. ಇರಲಿ ಬಿಡು ಎಂದಳು. ತಾಟು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ನನ್ನ ಕಡೆ ತಿರುಗಿದಳು. ಆರು ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದಳು.

"ಪೇಪರ್ ಓದೋ ಮಂದಿಗೆಲ್ಲಾ ಹೇಳಾಕ ಬರ್ತೈತಿ ನಿನಗ. ಅವತ್ತ ಪಾರಕ್ಕಗ ಒಬ್ಬಾಕಿಗಿ ಹೇಳಾಕ ಯಾಕ ಬರಲಿಲ್ಲವ್ವಾ?"